ಲೈಸೆನ್ಸ್ ಬಂದ ಮೇಲೆ ದೇವಿಮನೆ ಘಟ್ಟ: ಯಾವ ಗೇರು, ಎಷ್ಟು ಬ್ರೇಕು?

ಹೊಸ ಸ್ಟೇರಿಂಗ್ (ಶಿರಸಿ)

ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಿ ಇಪ್ಪತ್ತು ದಿನ ಆಯ್ತು, ಮುಂದಿನ ತಿಂಗಳು ಡಿಎಲ್ ಟೆಸ್ಟ್. ಅದಾದ ಮೇಲೆ ವಾರಕ್ಕೊಮ್ಮೆ ಕುಮಟಾಕ್ಕೆ, ತಿಂಗಳಿಗೊಮ್ಮೆ ಕಾರವಾರಕ್ಕೆ ಒಬ್ಬಳೇ ಹೋಗಿ ಬರಬೇಕು. ಗಾಡಿ ಹಳೇ ಪೆಟ್ರೋಲ್ ಕಾರು, ಐದು ಗೇರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು) ಇಲ್ಲ. ಪೇಟೆಯೊಳಗೆ ಓಡಿಸೋಕೆ ತೊಂದರೆ ಇಲ್ಲ. ತಲೆಬಿಸಿ ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ್ದು.

ಚಡಾವಿನಲ್ಲಿ ನಿಂತು ಮತ್ತೆ ಎತ್ತುವಾಗ ಗಾಡಿ ಹಿಂದೆ ಜಾರುತ್ತೆ. ಜಾರಬಾರದು ಅಂತ ಕ್ಲಚ್ಚಲ್ಲೇ ಹಿಡಿದರೆ ಸುಟ್ಟ ವಾಸನೆ ಬರುತ್ತೆ. ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಂತ ಮನೆಯಲ್ಲಿ ಹೇಳ್ತಾರೆ, ಕಲಿಸೋರು ಬೇಡ ಅಂತಾರೆ. ಯಾಕೆ ಬೇಡ ಅಂತ ಇಬ್ಬರೂ ಬಿಡಿಸಿ ಹೇಳಲ್ಲ. ಮಳೆಗಾಲದಲ್ಲಿ ಮಂಜು ಕವಿದಾಗ ನಾಲ್ಕೂ ಇಂಡಿಕೇಟರ್ ಹಾಕಬೇಕಾ ಬೇಡವಾ ಅನ್ನೋದೂ ಗೊತ್ತಿಲ್ಲ.

"ನಿಧಾನ ಹೋಗಿ" ಅನ್ನೋದೊಂದು ಬಿಟ್ಟು ಬೇರೆ ಏನಿದ್ದರೂ ಹೇಳಿ.

ಕಲಿಸೋ ಮಾಸ್ತರು

ಮೊದಲು ಚಡಾವು. ಹಾಫ್ ಕ್ಲಚ್ ಅಂದರೆ ಕ್ಲಚ್ ಪ್ಲೇಟು ಎಂಜಿನ್ ತಿರುಗಿಸುವ ಚಕ್ರಕ್ಕೆ (ಫ್ಲೈವೀಲ್) ತಾಗಿದೆ, ಆದರೆ ಪೂರ್ತಿ ಕಚ್ಚಿಲ್ಲ. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತ ಒಂದನ್ನೊಂದು ಉಜ್ಜುತ್ತಿರುತ್ತವೆ. ಗಾಡಿ ಎತ್ತುವ ಎರಡು ಮೂರು ಸೆಕೆಂಡಿಗೆ ಅದು ಬೇಕೇ ಬೇಕು. ಅರ್ಧ ನಿಮಿಷ, ಒಂದು ನಿಮಿಷ ಹಾಗೇ ಹಿಡಿದು ನಿಂತರೆ ಪ್ಲೇಟಿನ ಲೈನಿಂಗ್ ಕಾದು ಸುಡುತ್ತದೆ. ನಿಮಗೆ ಬಂದ ವಾಸನೆ ಅದೇ. ಗಾಡಿ ಹಿಡಿದು ನಿಲ್ಲಿಸುವುದು ಬ್ರೇಕಿನ ಕೆಲಸ, ಕ್ಲಚ್ಚಿಗೆ ಆ ಕೆಲಸ ಕೊಡಬೇಡಿ.

ಮಾಡುವ ಕ್ರಮ ಹೀಗೆ. ನಿಂತ ಕೂಡಲೇ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಕ್ಲಚ್ ಒತ್ತಿ ಒಂದನೇ ಗೇರು ಹಾಕಿ. ಬಲಗಾಲನ್ನು ಆಕ್ಸಿಲರೇಟರಿಗೆ ತಂದು ಎಂಜಿನ್ ಸದ್ದು ಸ್ವಲ್ಪ ಏರುವಷ್ಟು ಕೊಡಿ. ಮೀಟರ್ ಇದ್ದರೆ ಸುಮಾರು 1,500ರಿಂದ 2,000 ಆರ್‌ಪಿಎಂ. ಈಗ ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ದಪ್ಪಗಾಗುತ್ತದೆ, ಬಾನೆಟ್ಟಿನ ಮೂತಿ ಒಂದೆರಡು ಬೆರಳಷ್ಟು ಮೇಲೇಳುತ್ತದೆ, ಗಾಡಿ ಹ್ಯಾಂಡ್ ಬ್ರೇಕನ್ನು ಎಳೆದಾಡುತ್ತಿದೆ ಅನಿಸುತ್ತದೆ. ಪಾದ ಅಲ್ಲೇ ನಿಲ್ಲಲಿ. ಆಮೇಲೆ ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಕೆಳಗಿಳಿಸಿ. ಗಾಡಿ ಮುಂದೆ ಹೊರಟು ಒಂದು ಗಾಡಿಯುದ್ದ ಹೋದ ಮೇಲೆ ಕ್ಲಚ್ ಪೂರ್ತಿ ಬಿಡಿ.

ಹೊಸಬರು ತಪ್ಪುವುದು ಹೆಚ್ಚಾಗಿ ಕೊನೆಯ ಹೆಜ್ಜೆಯಲ್ಲಿ. ಹ್ಯಾಂಡ್ ಬ್ರೇಕ್ ಇಳಿಸಿದ ಗಳಿಗೆಯಲ್ಲೇ ಎಡಗಾಲನ್ನೂ ಎತ್ತಿಬಿಡುತ್ತಾರೆ, ಎಂಜಿನ್ ಬಂದ್. ಗಾಡಿ ಹಿಂದೆ ಜಾರತೊಡಗಿದರೆ ಆಕ್ಸಿಲರೇಟರ್ ತುಳಿದು ಗೆಲ್ಲಲು ಹೋಗಬೇಡಿ. ಕಾಲಿನ ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಮೊದಲಿಂದ ಶುರು ಮಾಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಶಿರಸಿ ಪೇಟೆಯಲ್ಲಿ ಚಡಾವಿಗೆ ಬರ ಇಲ್ಲ. ಬೆಳಗ್ಗೆ ಬೇಗ, ಖಾಲಿ ರಸ್ತೆಯಲ್ಲಿ, ಒಂದೇ ಚಡಾವಿನಲ್ಲಿ ಇಪ್ಪತ್ತು ಸಲ ನಿಲ್ಲಿಸಿ ಎತ್ತಿ. ನಡುನಡುವೆ ಕ್ಲಚ್ ಆರಲು ಬಿಡಿ. ವಾಸನೆ ಬಂತೆಂದರೆ ನ್ಯೂಟ್ರಲ್ ಮಾಡಿ, ಕ್ಲಚ್ಚಿನಿಂದ ಕಾಲು ತೆಗೆದು ಹದಿನೈದು ನಿಮಿಷ ಬಿಡಿ.

ಸದ್ಯ ನಿಮಗಿರುವುದು ಎಲ್‌ಎಲ್. ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇದ್ದವರು, ಬೇಕಾದಾಗ ಗಾಡಿ ನಿಲ್ಲಿಸಬಲ್ಲ ಜಾಗದಲ್ಲಿ, ಕೂತಿರಲೇಬೇಕು. ಮುಂದೆ ಹಿಂದೆ ಬಿಳಿ ನೆಲದ ಮೇಲೆ ಕೆಂಪು ಎಲ್: ಫಲಕ 18 ಸೆಂ.ಮೀ. ಚೌಕ, ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಟೆಸ್ಟಿಗೆ ಮೂವತ್ತು ದಿನ ಆಗಿರಬೇಕು. ಮೂವತ್ತೊಂದನೇ ದಿನವೇ ಹೋಗಿ ನಿಲ್ಲಬೇಕೆಂದೇನೂ ಇಲ್ಲ.

ಅರಬೈಲು ಲೋಡ್

ಚಡಾವಿನದ್ದು ಮಾಸ್ತರು ಹೇಳಿದ್ದಾರೆ. ಇಳಿಯೋದು ನಾನು ಹೇಳ್ತೇನೆ ತಂಗಿ, ಜೀವ ಹೋಗೋದು ಅಲ್ಲೇ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಕುಮಟಾ ಕಡಲ ದಂಡೆ. 1,200 ಕೆ.ಜಿ. ಗಾಡಿ 500 ಮೀಟರ್ ಕೆಳಗಿಳಿದರೆ ಹುಟ್ಟೋ ಶಕ್ತಿಯಲ್ಲಿ ಬಚ್ಚಲ ಹಂಡೆಯ 20 ಲೀಟರ್ ತಣ್ಣೀರು ಕುದಿ ಬರುತ್ತೆ. ಗಾಳಿ, ಟೈರು ಅದರಲ್ಲಿ ಒಂದು ಪಾಲು ತಿನ್ನುತ್ತವೆ. ಉಳಿದದ್ದನ್ನ ಯಾರೋ ನುಂಗಬೇಕು. ನ್ಯೂಟ್ರಲ್ ಹಾಕಿದಿರೋ, ಅಷ್ಟೂ ಬ್ರೇಕ್ ಪ್ಯಾಡಿನ ತಲೆಗೆ. ಪ್ಯಾಡು ಅತಿಯಾಗಿ ಕಾದರೆ ಹಿಡಿತ ಬಿಡುತ್ತೆ. ಬ್ರೇಕ್ ಆಯಿಲ್ ಕುದಿದರೆ ಪೈಪಿನೊಳಗೆ ಆವಿ ಗುಳ್ಳೆ ಏಳುತ್ತೆ, ಪೆಡಲ್ ಸ್ಪಂಜಿನ ಹಾಗೆ ನೆಲದವರೆಗೆ ಹೋಗುತ್ತೆ. ಗೇರಲ್ಲಿ ಇದ್ದರೆ ಹೊರೆಯಲ್ಲಿ ಒಳ್ಳೇ ಪಾಲು ಎಂಜಿನ್ ಹೊರುತ್ತೆ.

ಹಳೇ ಡ್ರೈವರುಗಳ ಲೆಕ್ಕ ಒಂದೇ: ಹತ್ತೋಕೆ ಯಾವ ಗೇರು ಬೇಕಾಗುತ್ತೋ ಇಳಿಯೋಕೂ ಅದೇ ಗೇರು. ನಿಮ್ಮ ಗಾಡಿಗೆ ದೇವಿಮನೆಯಲ್ಲಿ ಹೆಚ್ಚಿನ ಕಡೆ ಮೂರನೇದು, ಹಿಮ್ಮುರಿ ತಿರುವಲ್ಲಿ ಎರಡನೇದು. ಇಳಿಜಾರು ಶುರುವಾಗೋ ಮೊದಲೇ ಗೇರು ಇಳಿಸಿ. ಗಾಡಿ ಓಟ ಹಿಡಿದ ಮೇಲೆ ಎರಡನೇದಕ್ಕೆ ತುರುಕೋಕೆ ಹೋದರೆ ಕ್ಲಚ್ ಒತ್ತಿದ ಆ ಎರಡು ಸೆಕೆಂಡು ಗಾಡಿ ಇನ್ನೂ ಜೋರು ಹಿಡಿಯುತ್ತೆ.

ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳೀಬೇಡಿ. ವೇಗ 40 ದಾಟ್ತಾ ಇದೆ ಅನಿಸಿದಾಗ ಗಟ್ಟಿಯಾಗಿ ಒತ್ತಿ 30ಕ್ಕೆ ತನ್ನಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಒತ್ತಿ. ಬಿಟ್ಟ ಹೊತ್ತಲ್ಲಿ ಪ್ಯಾಡಿಗೆ ಗಾಳಿ ಸಿಗುತ್ತೆ. ಲಘುವಾಗಿ ಹತ್ತು ಕಿಲೋಮೀಟರ್ ಒತ್ತಿಕೊಂಡೇ ಬಂದರೆ ಸಿಗೋದಿಲ್ಲ.

ಬ್ರೇಕ್ ಹಾಕೋದು ತಿರುವಿನ ಮೊದಲು, ಸ್ಟೇರಿಂಗ್ ನೇರ ಇರುವಾಗ. ನಿಮ್ಮದಕ್ಕೆ ಎಬಿಎಸ್ ಇಲ್ಲ. ತಿರುವಿನ ನಡುವೆ ಗಾಬರಿಯಲ್ಲಿ ತುಳಿದರೆ ಚಕ್ರ ಲಾಕ್ ಆಗುತ್ತೆ, ಲಾಕ್ ಆದ ಚಕ್ರ ಸ್ಟೇರಿಂಗ್ ಮಾತು ಕೇಳಲ್ಲ, ಗಾಡಿ ನೆಟ್ಟಗೆ ಹೋಗುತ್ತೆ. ಹಾಗಾದರೆ ಬ್ರೇಕ್ ಒಂದು ಕ್ಷಣ ಬಿಟ್ಟು ಚಕ್ರ ತಿರುಗೋಕೆ ಬಿಡಿ, ಮತ್ತೆ ಒತ್ತಿ.

ಎಡಕ್ಕೆ ಹೊರಳೋ ಹಿಮ್ಮುರಿ ತಿರುವಲ್ಲಿ ತೀರಾ ಒಳಕ್ಕೆ ಒತ್ತಬೇಡಿ. ಮುಂದಿನ ಚಕ್ರಕ್ಕಿಂತ ಹಿಂದಿನ ಚಕ್ರ ಯಾವಾಗಲೂ ಒಳಗೆ ಕಡಿದುಕೊಂಡು ಬರುತ್ತೆ, ಗಟಾರಕ್ಕೆ ಬೀಳೋದು ಹಿಂದಿನ ಎಡ ಚಕ್ರ. ಎದುರಿಂದ ಬಸ್ಸೋ ಲಾರಿಯೋ ತಿರುವಿಗೆ ಬರ್ತಾ ಇದ್ದರೆ ತಿರುವಿನ ಹೊರಗೇ ನಿಂತುಬಿಡಿ. ಅದಕ್ಕೆ ರಸ್ತೆ ಪೂರ್ತಿ ಬೇಕು, ಅವನು ದರ್ಪ ಮಾಡ್ತಾ ಇಲ್ಲ. ಹತ್ತೋ ಗಾಡಿಗೆ ಮೊದಲ ದಾರಿ ಅಂತ ಕಾನೂನೂ ಇದೆ. ಲೋಡ್ ಗಾಡಿ ಚಡಾವಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತೋ ಕಷ್ಟ ಕಾರಿನವರಿಗೆ ಗೊತ್ತಾಗಲ್ಲ.

ಹೊಸ ಸ್ಟೇರಿಂಗ್ (ಶಿರಸಿ)

ಥ್ಯಾಂಕ್ಸ್ ಅಣ್ಣ, ಹಂಡೆ ಲೆಕ್ಕ ಮನೆಯಲ್ಲೂ ಓದಿ ಹೇಳ್ತೀನಿ. ಆದರೆ ಎರಡನೇ ಗೇರಲ್ಲಿ ಇಳಿದರೆ ಎಂಜಿನ್ ಕೂಗುತ್ತೆ. ಹಾಳಾಗಲ್ವಾ? ಪೆಟ್ರೋಲೂ ಜಾಸ್ತಿ ಕುಡಿಯಲ್ವಾ?

ಗ್ರೀಸು ಕೈ (ಕುಮಟಾ)

ಕೂಗಲಿ ಬಿಡಿ. 3,000 ಆರ್‌ಪಿಎಂ ಆ ಎಂಜಿನ್ನಿಗೆ ಏನೂ ಅಲ್ಲ. ಕೆಂಪು ಗೆರೆ ಹತ್ತಿರ ಹೋಗಬಾರದು ಅಷ್ಟೆ.

ಪೆಟ್ರೋಲ್ ವಿಷಯ ನಿಮ್ಮ ಮನೆಯವರು ಹೇಳೋದು ಕಾರ್ಬುರೇಟರ್ ಕಾಲದ್ದು. ಈಗಿನ ಇಂಜೆಕ್ಷನ್ ಗಾಡಿ ಗೇರಲ್ಲಿದ್ದು ನೀವು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸುತ್ತೆ, ಚಕ್ರವೇ ಎಂಜಿನ್ ತಿರುಗಿಸ್ತಾ ಇರುತ್ತೆ. ನ್ಯೂಟ್ರಲ್ಲಲ್ಲಿ ಐಡ್ಲಿಂಗಿಗೆ ಪೆಟ್ರೋಲ್ ಬೇಕೇ ಬೇಕು. ಅಂದರೆ ನ್ಯೂಟ್ರಲ್ಲೇ ಜಾಸ್ತಿ ಕುಡಿಯೋದು. ಇನ್ನು ಕೀ ತಿರುಗಿಸಿ ಎಂಜಿನ್ನೇ ಬಂದ್ ಮಾಡಿ ಇಳಿಯೋರಿದ್ದಾರೆ, ಅವರಿಗೆ ಕೈ ಮುಗಿಯಬೇಕು. ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೇರಿಂಗೂ ಇಲ್ಲ. ಕೀ ಹೊರಗೆ ತೆಗೆದರೆ ಸ್ಟೇರಿಂಗ್ ಲಾಕೂ ಬೀಳಬಹುದು.

ಹಳೇ ಗಾಡಿ ಅಂದಿರಿ, ಘಟ್ಟಕ್ಕೆ ಇಳಿಸೋ ಮೊದಲು ಇಷ್ಟು ನೋಡಿಸಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಬದಲಿಸಲೇಬೇಕು. ಅದು ಗಾಳಿಯ ತೇವ ಹೀರುತ್ತೆ, ನಮ್ಮ ಕರಾವಳಿಯಲ್ಲಂತೂ ಕೇಳೋದೇ ಬೇಡ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಕನಿಷ್ಠ ಅಳತೆ, ನೀರು ಹೀರಿದ ಮೇಲೆ ಅದೇ 140. ಡಾಟ್ 4ಕ್ಕೆ 230, ತೇವ ಆದ ಮೇಲೆ 155. ಬಾನೆಟ್ಟಿನೊಳಗಿರೋ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದೇ ಹಾಕಿಸಿ. ಬರೀ ಮೇಲಿಂದ ತುಂಬಿಸಿದರೆ ಆಗಲ್ಲ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿ ಹಳೇದು ಪೂರ್ತಿ ಹೊರಗೆ ಬರಬೇಕು.

ಪ್ಯಾಡು ಮೂರು ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಹೊಸದು. ಹಿಂದಿನ ಡ್ರಮ್ ಬಿಚ್ಚಿ ಲೈನರ್ ನೋಡಿಸಿ, ಹ್ಯಾಂಡ್ ಬ್ರೇಕ್ ಹಿಡಿಯೋದು ಅದೇ. ಹ್ಯಾಂಡ್ ಬ್ರೇಕ್ ಎಂಟು ಹತ್ತು ಕಟಕಟ ಮೇಲೆ ಬಂದರೂ ಗಾಡಿ ನಿಲ್ಲದಿದ್ದರೆ ಮಾಸ್ತರು ಹೇಳಿದ ಪಾಠ ಎಷ್ಟು ಮಾಡಿದರೂ ಜಾರುತ್ತೆ, ತಪ್ಪು ನಿಮ್ಮದಲ್ಲ.

ಟೈರಿನ ಹೂವು (ಮೇಲಿನ ಗೀರುಗಳ ಆಳ) 1.6 ಮಿ.ಮೀ. ಅನ್ನೋದು ಕಾನೂನಿನ ಕಡೇ ಗೆರೆ. ಮಳೆಗಾಲಕ್ಕೆ 3 ಮಿ.ಮೀ. ಇದ್ದರೇ ಸರಿ. ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಕಂಬದ ಸ್ಟಿಕರ್ ನೋಡಿ, ಟೈರ್ ತಣ್ಣಗಿದ್ದಾಗ ಅಷ್ಟೇ ಹಾಕಿಸಿ. ಸ್ಟೆಪ್ನಿಗೂ.

ಇನ್ನೊಂದು. ಮಳೆಯಲ್ಲಿ ಓಡಿಸಿ ಬಂದ ಗಾಡಿಯನ್ನ ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ನಿಲ್ಲಿಸಿದರೆ ಲೈನರ್ ಡ್ರಮ್ಮಿಗೆ ತುಕ್ಕಲ್ಲಿ ಅಂಟಿಕೊಳ್ಳುತ್ತೆ. ಮಟ್ಟದ ಅಂಗಳ ಆದರೆ ಗೇರಲ್ಲಿ ಬಿಟ್ಟು ಚಕ್ರಕ್ಕೆ ಒಂದು ಚಿರೇಕಲ್ಲು ಕೊಡಿ.

ಕಾಡುಸಂಪಿಗೆ

ಮಂಜಿನದ್ದು ಯಾರೂ ಹೇಳಲಿಲ್ಲ. ಜುಲೈ ಆಗಸ್ಟಲ್ಲಿ ಘಟ್ಟದಲ್ಲಿ ಹತ್ತು ಮಾರು ಕಾಣಲ್ಲ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು, ಹೈಬೀಮ್ ಹಾಕಿಕೊಂಡು ಹಾರ್ನ್ ಮಾಡುತ್ತ ಹೋಗಿ. ಎಲ್ಲರೂ ಹಾಗೇ ಹೋಗೋದು.

ಕಲಿಸೋ ಮಾಸ್ತರು

ಎಲ್ಲರೂ ಹಾಗೇ ಹೋಗುತ್ತಾರೆ, ನಿಜ. ಆದರೂ ತಪ್ಪು. ನಾಲ್ಕೂ ಮಿನುಗುತ್ತಿದ್ದರೆ ನೀವು ಬಲಕ್ಕೆ ತಿರುಗುತ್ತೀರೋ, ಎಡಕ್ಕೆ ಸರಿಯುತ್ತೀರೋ ಹಿಂದಿನವರಿಗೆ ತಿಳಿಯುವ ದಾರಿಯೇ ಇಲ್ಲ. ಜೊತೆಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ಅದೂ ಗೊತ್ತಾಗುವುದಿಲ್ಲ. ಅದು ಕೆಟ್ಟು ನಿಂತ ಗಾಡಿಗೆ ಇರುವ ದೀಪ. ಹೈಬೀಮ್ ಇನ್ನೂ ಕೆಟ್ಟದು: ಬೆಳಕು ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಲೋಬೀಮ್ ಹಾಕಿ, ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ಎಡ ಅಂಚಿನ ಬಿಳಿ ಗೆರೆ ಹಿಡಿದುಕೊಂಡು ಹೋಗಿ. ಹಾರ್ನ್ ಸರಿ, ಕುರುಡು ತಿರುವಿಗೆ ಮೊದಲು ಒಮ್ಮೆ.

ಮುಂದಿನ ಗಾಡಿಯ ಕೆಂಪು ದೀಪ ಕಳೆದುಹೋಗಬಾರದು ಅಂತ ಅದರ ಬಾಲ ಹಿಡಿಯುವವರಿದ್ದಾರೆ. ಅವನು ಗಟಾರಕ್ಕಿಳಿದರೆ ನೀವೂ ಇಳಿಯುತ್ತೀರಿ.

ಗಾಜಿನ ಒಳಗೆ ಆವಿ ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತ ಓಡಿಸಬೇಡಿ. ಎಸಿ ಹಾಕಿ, ಗಾಳಿಯ ಗುಂಡಿ ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಿ. ಎಸಿ ತೇವ ಹೀರುತ್ತದೆ, ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಎಸಿ ಕೆಟ್ಟಿದ್ದರೆ ಎರಡೂ ಬದಿಯ ಕಿಟಕಿ ಎರಡು ಬೆರಳು ಇಳಿಸಿ, ತುಸು ಮಳೆ ಒಳಗೆ ಬಂದರೆ ಬರಲಿ.

ಬಿಣಗಾ ದಂಡೆ

ಕಾರವಾರಕ್ಕೂ ಬರಬೇಕು ಅಂದಿದ್ದೀರಿ. ಘಟ್ಟ ಮುಗಿದು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಬಿದ್ದ ಮೇಲೆ ಹೊಸಬರು "ಅಬ್ಬಾ" ಅಂತ ಉಸಿರು ಬಿಟ್ಟು ಆಕ್ಸಿಲರೇಟರ್ ತುಳಿತಾರೆ. ಅಲ್ಲಿನ ಅಪಾಯದ ಜಾತಿಯೇ ಬೇರೆ.

80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಕಣ್ಣು ಕಂಡು ಕಾಲು ಬ್ರೇಕಿಗೆ ಬರೋಕೆ ಒಂದೂವರೆ ಸೆಕೆಂಡು ಹಿಡಿಯಿರಿ, ಅಲ್ಲಿಗೇ 33 ಮೀಟರ್ ಹೋಯ್ತು. ಒಣ ರಸ್ತೆಯಲ್ಲಿ ಗಾಡಿ ನಿಲ್ಲೋಕೆ ಇನ್ನೊಂದು 36. ಒಟ್ಟು 70 ಹತ್ತಿರ. ಒದ್ದೆ ರಸ್ತೆಯಲ್ಲಿ ಅದೇ ಲೆಕ್ಕ 95 ದಾಟುತ್ತೆ. ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರ ಅನ್ನೋಕೆ ಮೀಟರ್ ಅಳೀಬೇಡಿ. ಅದು ಒಂದು ಕಂಬ ದಾಟಿದಾಗ ಎಣಿಸೋಕೆ ಶುರು ಮಾಡಿ: "ಒಂದು ಸಾವಿರದ ಒಂದು, ಒಂದು ಸಾವಿರದ ಎರಡು". ಅಷ್ಟರೊಳಗೆ ನೀವೂ ಕಂಬಕ್ಕೆ ಬಂದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ನಾಲ್ಕರವರೆಗೆ ಎಣಿಸಿ.

ರಾತ್ರಿ ಲೋಬೀಮಲ್ಲಿ ಚೆನ್ನಾಗಿ ಕಾಣೋದು 40ರಿಂದ 50 ಮೀಟರ್. 60ರಲ್ಲಿ ಒಣ ರಸ್ತೆಯಲ್ಲಿ ನಿಲ್ಲೋಕೇ 45 ಬೇಕು. ಡಾಂಬರಿನ ಮೇಲೆ ಮಲಗಿದ ಕಪ್ಪು ಎಮ್ಮೆ ದೀಪಕ್ಕೆ ಹೊಳೆಯೋದು ಕಣ್ಣು ಮಾತ್ರ, ಅದೂ ಈ ಕಡೆ ತಿರುಗಿದ್ದರೆ. ಮಳೆಗಾಲದಲ್ಲಿ ದನಗಳು ಒಣ ಜಾಗ ಅಂತ ಹೆದ್ದಾರಿಗೇ ಬಂದು ಮಲಗ್ತವೆ.

ಡಿವೈಡರ್ ಬಿಟ್ಟ ಜಾಗಗಳಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದು ಬ್ರೇಕ್ ಮೇಲೆ ತೇಲಿಸಿ ಇಟ್ಟುಕೊಳ್ಳಿ. ಅಲ್ಲಿ ಬೈಕು ಅಡ್ಡ ಬರುತ್ತೆ, ಅರ್ಧ ಕಿಲೋಮೀಟರ್ ಸುತ್ತು ಉಳಿಸೋಕೆ ಎಡ ಅಂಚಲ್ಲೇ ಎದುರು ಬರೋರೂ ಇದ್ದಾರೆ. ಮೀನು ಲಾರಿ ಹಿಂದೆ ಅಂಟಿಕೊಂಡು ಹೋಗಬೇಡಿ. ಅದರಿಂದ ಸೋರೋ ನೀರು ರಸ್ತೆಯನ್ನ ಜಾರು ಮಾಡುತ್ತೆ, ಗಾಜಿಗೆ ಸಿಡಿದರೆ ವೈಪರ್ ಹಾಕಿದಷ್ಟೂ ಮಸುಕು. ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕಿದರೆ "ಹೋಗು" ಅಂದ ಅಂತ ತಿಳ್ಕೋಬೇಡಿ. ಅವನು ನಿಜಕ್ಕೂ ಬಲಕ್ಕೆ ತಿರುಗ್ತಾ ಇರಬಹುದು.

ಜೋರು ಮಳೆಯಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರ ಆದರೆ ಟೈರು ನೀರಿನ ಮೇಲೆ ತೇಲ್ತಾ ಇದೆ ಅಂತ ಅರ್ಥ. ಆಕ್ಸಿಲರೇಟರ್ ಬಿಡಿ, ಬ್ರೇಕ್ ಮುಟ್ಟಬೇಡಿ, ಸ್ಟೇರಿಂಗ್ ನೇರ ಹಿಡಿದುಕೊಳ್ಳಿ. ಎಡ ಚಕ್ರ ಡಾಂಬರಿನಿಂದ ಮಣ್ಣಿಗಿಳಿದರೂ ಅಷ್ಟೇ: ಬಲಕ್ಕೆ ಜಗ್ಗಬೇಡಿ. ಹಾಗೇ ನೇರ ಹೋಗಿ, ವೇಗ 20ರ ಹತ್ತಿರ ಬಂದ ಮೇಲೆ ನಿಧಾನ ಮೇಲೆ ಹತ್ತಿಸಿ. ಜಗ್ಗಿದರೆ ಅಂಚಿಗೆ ತಡೆದ ಚಕ್ರ ಒಮ್ಮೆಲೇ ಮೇಲೆ ಹಾರುತ್ತೆ, ಗಾಡಿ ಎದುರು ಸಾಲಿಗೆ ನುಗ್ಗುತ್ತೆ.

ಕಾರವಾರ ಹತ್ತಿರದ ಸುರಂಗಕ್ಕೆ ನುಗ್ಗೋ ಮೊದಲು ಕಪ್ಪು ಕನ್ನಡಕ ತೆಗೆದು ಲೋಬೀಮ್ ಹಾಕಿ. ಬಿಸಿಲಿಂದ ಒಳಗೆ ಹೋದ ಕೂಡಲೇ ಕಣ್ಣು ಹೊಂದಿಕೊಳ್ಳಲ್ಲ.

ಕೊನೇದು, ಕಡಿದ ಗುಡ್ಡದ ಧರೆ ಕೆಳಗೆ ಮಳೆಯಲ್ಲಿ ನಿಲ್ಲಿಸಬೇಡಿ, ಚಹಾಕ್ಕೂ ಫೋನಿಗೂ. ಅಂಕೋಲಾ ತಾಲೂಕಿನ ಶಿರೂರಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಹೆದ್ದಾರಿ ಬದಿ ನಿಂತಿದ್ದ ಗಾಡಿಗಳೂ ಗಂಗಾವಳಿ ಹೊಳೆಗೆ ಹೋದವು. ಘಟ್ಟದಲ್ಲೂ ರಸ್ತೆ ಮೇಲೆ ಹೊಸ ಕೆಂಪು ಮಣ್ಣು, ಬಿಡಿ ಕಲ್ಲು, ಧರೆಯಿಂದ ರಾಡಿ ನೀರು ಕಂಡರೆ ಕುತೂಹಲಕ್ಕೆ ನಿಂತು ಫೋಟೋ ತೆಗೀಬೇಡಿ, ಹಿಂದೆ ತಿರುಗಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಬೇರೆ ಎಲ್ಲಕ್ಕೂ 112.

ಹೊಸ ಸ್ಟೇರಿಂಗ್ (ಶಿರಸಿ)

ಎಲ್ಲರಿಗೂ ಧನ್ಯವಾದ. ಗ್ಯಾರೇಜಿಗೆ ನಾಳೆಯೇ ಹೋಗ್ತಿದ್ದೀನಿ. ಮಾಸ್ತರೇ, ಘಟ್ಟಕ್ಕೆ ಯಾವಾಗ ಇಳಿಯಬಹುದು? ಟೆಸ್ಟ್ ಪಾಸಾದ ಮರುದಿನ ಅಂತೂ ಅಲ್ಲ ಅಂತ ಗೊತ್ತಾಯ್ತು.

ಅರಬೈಲು ಲೋಡ್

ಈಗಲೇ ಇಳೀರಿ ಅಂತೇನೆ ನಾನು. ಪಕ್ಕದಲ್ಲಿ ಗಟ್ಟಿ ಡ್ರೈವರ್ ಕೂತಿರುವಾಗ ಕಲಿಯೋದು ಬಿಟ್ಟು, ಒಬ್ಬರೇ ಆದ ಮೇಲೆ ಯಾಕೆ?

ಕಲಿಸೋ ಮಾಸ್ತರು

ಅರ್ಧ ಒಪ್ಪುತ್ತೇನೆ. ಪಕ್ಕದಲ್ಲಿ ಜನ ಇರುವಾಗಲೇ ಘಟ್ಟ ಆಗಬೇಕು, ಆದರೆ ಈ ವಾರವಲ್ಲ. ಗೇರು ಬದಲಿಸುವಾಗ ಕಣ್ಣು ಗೇರಿನ ಗುಂಡಿಗೆ ಹೋಗುವವರೆಗೆ ಬೇಡ. ಬನವಾಸಿ ರಸ್ತೆಯಲ್ಲಿ ಘಟ್ಟ ಇಲ್ಲ. ಅಲ್ಲಿ ಹೋಗಿ ಬರುತ್ತ ಗೇರು, ಕನ್ನಡಿ, ಇಂಡಿಕೇಟರ್ ಮೂರೂ ಯೋಚನೆ ಇಲ್ಲದೆ ಕೈಗೆ ಬರಬೇಕು. ಹತ್ತು ಹನ್ನೆರಡು ತಾಸು ಸಾಕಾಗುತ್ತದೆ ಕೆಲವರಿಗೆ, ಕೆಲವರಿಗೆ ಇಪ್ಪತ್ತು.

ಸೀಟನ್ನೂ ಒಮ್ಮೆ ಸರಿ ಮಾಡಿಕೊಳ್ಳಿ. ಕ್ಲಚ್ ನೆಲಕ್ಕೆ ತಾಗುವಷ್ಟು ಒತ್ತಿದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಬೆನ್ನು ಸೀಟಿಗೆ ತಾಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ತುದಿಯ ಮೇಲೆ ಕೂರಬೇಕು. ಹೊಸಬರು ಬಾನೆಟ್ ಕಾಣಲಿ ಅಂತ ಮುಂದಕ್ಕೆ ಎಳೆದುಕೊಂಡು ಎದೆಯನ್ನು ಸ್ಟೇರಿಂಗಿಗೆ ತಾಗಿಸಿ ಕೂರುತ್ತಾರೆ. ಹಾಗೆ ಕೂತರೆ ಹಿಮ್ಮುರಿ ತಿರುವಿನಲ್ಲಿ ಮೊಣಕೈ ಹೊಟ್ಟೆಗೆ ಸಿಕ್ಕಿ ಸ್ಟೇರಿಂಗ್ ಅರ್ಧಕ್ಕೇ ನಿಲ್ಲುತ್ತದೆ. ನಡುವೆ ಕನಿಷ್ಠ 25 ಸೆಂ.ಮೀ. ಇರಲಿ. ಸೀಟು ಎತ್ತರಿಸಲು ಬರದಿದ್ದರೆ ಗಟ್ಟಿ ಕುಶನ್ ಹಾಕಿ, ಮೆತ್ತನೆಯದು ಜಾರುತ್ತದೆ.

ಆಮೇಲೆ ಘಟ್ಟ. ಮೊದಲ ಸಲ ಹತ್ತುವುದು ಮಾತ್ರ ನೀವು ಮಾಡಿ, ಇಳಿಸುವುದು ಪಕ್ಕದವರು ಮಾಡಲಿ. ಹತ್ತುವಾಗ ತಪ್ಪಾದರೆ ಹೆಚ್ಚಾಗಿ ಎಂಜಿನ್ ಬಂದ್ ಆಗುತ್ತದೆ. ಎರಡು ಮೂರು ಸಲ ಆದ ಮೇಲೆ ಇಳಿಯಿರಿ, ಮಳೆ ಇಲ್ಲದ ದಿನ, ಹಗಲು. ಮಳೆಯಲ್ಲಿ ಒಮ್ಮೆ, ಕತ್ತಲಲ್ಲಿ ಒಮ್ಮೆ, ಇದೆಲ್ಲ ಪಕ್ಕದಲ್ಲಿ ಜನ ಇರುವಾಗಲೇ ಮುಗಿಯಲಿ. ಬೇಸಿಗೆ ಕಳೆದು ಬೀಳುವ ಮೊದಲ ಮಳೆಗೆ ಮಾತ್ರ ಹೋಗಬೇಡಿ. ಧೂಳು, ಎಣ್ಣೆ, ದರಕು (ಒಣ ಎಲೆ) ಎಲ್ಲ ಸೇರಿ ರಸ್ತೆ ಸಾಬೂನು ಹಚ್ಚಿದ ಹಾಗಿರುತ್ತದೆ. ಎರಡು ದಿನ ಗಟ್ಟಿ ಮಳೆ ಬಿದ್ದು ತೊಳೆದುಹೋದ ಮೇಲೆ ಅದೇ ರಸ್ತೆ ವಾಸಿ.

ಕೆಳಗೆ ಮುಟ್ಟಿದ ಮೇಲೆ ನಿಲ್ಲಿಸಿ, ಚಕ್ರ ಮುಟ್ಟದೆ ಹತ್ತಿರ ಮೂಗು ಒಡ್ಡಿ ನೋಡಿ. ಸುಟ್ಟ ವಾಸನೆ ಜೋರಾಗಿದ್ದರೆ ಬ್ರೇಕ್ ಮೇಲೆಯೇ ಇಳಿದಿದ್ದೀರಿ. ಇಪ್ಪತ್ತು ನಿಮಿಷ ಆರಲು ಬಿಡಿ, ನೀರು ಮಾತ್ರ ಹೊಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು.

ಗ್ರೀಸು ಕೈ (ಕುಮಟಾ)

ಸಂಜೆ ಕುಮಟಾದಿಂದ ಮೇಲೆ ಹತ್ತುವಾಗ ಹಗಲಿದ್ದರೂ ಲೋಬೀಮ್ ಹಾಕಿಕೊಂಡೇ ಹತ್ತಿ. ಸೂರ್ಯ ನಿಮ್ಮ ಬೆನ್ನಿಗಿರ್ತಾನೆ, ನಿಮಗೆ ಎಲ್ಲ ಚೆಂದ ಕಾಣುತ್ತೆ. ಎದುರು ಇಳಿಯೋನಿಗೆ ಬಿಸಿಲು ನೇರ ಕಣ್ಣಿಗೆ, ಅವನಿಗೆ ನೀವು ಕಾಣ್ತಾ ಇರಲ್ಲ.